ತಂತಿಯೊಳಗಿನ ಗಲಾಟೆಗೆ ಹೊಣೆ ಯಾರು?



ತಾಳವಾಡಿ ಬೆಟ್ಟದ ಊರುಗಳಲ್ಲಿ ಮನೆಗೆ ಇಂಟರ್‌ನೆಟ್ ತಂತಿ ಎಳೆಸಿಕೊಂಡವರೆಲ್ಲ ಒಂದು ಮಾತನ್ನು ಪದೇ ಪದೇ ಕೇಳಿದ್ದಾರೆ: “ನಿಮ್ಮ ಮೋಡೆಮ್ ಕೆಟ್ಟಿದೆ, ಹೊಸದು ತೆಗೆದುಕೊಳ್ಳಿ.” ಕತ್ತಲಾಗುತ್ತಲೇ ಸಂಪರ್ಕ ಕಡಿಯತೊಡಗುತ್ತದೆ. ಬೆಳಕು ಹರಿದ ಮೇಲೆ ತಾನಾಗಿ ಸರಿಹೋಗುತ್ತದೆ. ಹಗಲು ಹತ್ತು ಗಂಟೆಗೆ ಎಲ್ಲೋ ದೂರದ ಕಚೇರಿಯಲ್ಲಿ ಕುಳಿತು ಲೈನು ಪರೀಕ್ಷೆ ಮಾಡುವವರಿಗೆ ಯಾವ ದೋಷವೂ ಕಾಣುವುದಿಲ್ಲ. ದೂರು ಮುಗಿಯಿತೆಂದು ನಮ್ಮ ಮೊಬೈಲಿಗೆ ಸಂದೇಶ ಬರುತ್ತದೆ. ಸಂಜೆಗೆ ಮತ್ತೆ ಅದೇ ಗೋಳು. ಕೂಲಿಯ ಹಣದಲ್ಲಿ ಹೊಸ ಮೋಡೆಮ್ ತಂದು ಕೂರಿಸಿದ ಮನೆಯಲ್ಲೂ ಅದೇ ಗೋಳು!

ಇದು ಬರೀ ಸಿನಿಮಾ ನೋಡುವವರ ಗೋಳೆಂದು ಯಾರೂ ತಿಳಿಯಬಾರದು. 2020ರಲ್ಲಿ ಶಾಲೆಗಳು ಮುಚ್ಚಿದಾಗ ಮಕ್ಕಳ ಪಾಠ ಈ ತಂತಿಯ ಮೇಲೆ ನಿಂತಿತು. 2023ರ ಜನವರಿಯಿಂದ ಉದ್ಯೋಗ ಖಾತರಿ ಕೆಲಸದ ಹಾಜರಿಯನ್ನೂ ಮೊಬೈಲ್ ಆ್ಯಪಿನಲ್ಲೇ ಹಾಕಬೇಕೆಂಬ ನಿಯಮ ಬಂತು. ಜಾತಿ ಪತ್ರ, ಪಿಂಚಣಿ ಅರ್ಜಿ, ಬ್ಯಾಂಕಿನ ಲೆಕ್ಕ, ಎಲ್ಲಕ್ಕೂ ಇಂಟರ್‌ನೆಟ್ ಬೇಕು ಎಂದು ಸರ್ಕಾರವೇ ಹೇಳುತ್ತಿದೆ. ಸಂಪರ್ಕ ಬೇಕೇ ಬೇಕು ಎಂದವರು ಅದು ಕೆಟ್ಟಾಗ ಬಂದು ನೋಡಬೇಕಲ್ಲವೆ?

ನಮ್ಮ ವಾದವಿಷ್ಟೆ. ಹೊತ್ತು ಹಿಡಿದು ಬರುವ ಇಂಥ ಕಾಯಿಲೆ ಬಹಳ ಸಲ ಮೋಡೆಮಿನದಲ್ಲ. ಅದು ಹೊರಗಿನಿಂದ ತಂತಿಯೊಳಕ್ಕೆ ನುಗ್ಗುವ ವಿದ್ಯುತ್ತಿನ ಗಲಾಟೆ. ಹುಡುಕಿದರೆ ಅದು ಸಿಗುತ್ತದೆ. ಹುಡುಕುವುದಕ್ಕೆ ಬೇಕಾದದ್ದು ತಂತಿಯ ಉದ್ದಕ್ಕೂ ನಡೆಯುವ ಒಬ್ಬ ಬಲ್ಲ ಕೆಲಸಗಾರ, ಮತ್ತು ಅವನ ಕೈಗೆ ಒಂದಿಷ್ಟು ಸಮಯ. ಆ ಕೆಲಸಗಾರನನ್ನು ಇಲ್ಲವಾಗಿಸಿ, ಹುಡುಕುವ ಹೊರೆಯನ್ನೂ ಖರ್ಚನ್ನೂ ಗ್ರಾಹಕನ ತಲೆಗೆ ಕಟ್ಟಿರುವುದು ಅನ್ಯಾಯ.

ವೇಲ್ಸ್ ನಾಡಿನ ಒಂದು ಹಳ್ಳಿ

ನಮ್ಮ ಮಾತಿಗೆ ಸಾಕ್ಷಿ ಕೇಳುವವರು ಬ್ರಿಟನ್ನಿನ ವೇಲ್ಸ್ ನಾಡಿನ ಕಡೆ ನೋಡಲಿ. ಅಲ್ಲಿನ ಪೊವಿಸ್ ಜಿಲ್ಲೆಯಲ್ಲಿ ಅಬರ್‌ಹೋಸನ್ ಎಂಬ ಸಣ್ಣ ಹಳ್ಳಿ ಇದೆ. ನಮ್ಮಂತೆಯೇ ಗುಡ್ಡದ ಊರು. ಅಲ್ಲಿ ಸುಮಾರು 18 ತಿಂಗಳ ಕಾಲ ದಿನವೂ ಬೆಳಿಗ್ಗೆ ಏಳು ಗಂಟೆಗೆ ಊರಿನ ಬ್ರಾಡ್‌ಬ್ಯಾಂಡ್ ಕುಸಿದು ಬೀಳುತ್ತಿತ್ತು. ತಂತಿ ನೋಡಿಕೊಳ್ಳುವ ಓಪನ್‌ರೀಚ್ ಕಂಪನಿಯವರು ಬಂದು ಪರೀಕ್ಷೆ ಮಾಡಿದರು, ಎಲ್ಲವೂ ಸರಿಯಾಗಿಯೇ ಕಂಡಿತು. ಕೇಬಲಿನ ಬಹುಭಾಗವನ್ನು ಹೊಸದಾಗಿ ಹಾಕಿದರು, ಆದರೂ ಗುಣವಾಗಲಿಲ್ಲ.

ಕೊನೆಗೆ ಪರಿಣತರ ಒಂದು ತಂಡ ಅಲ್ಲಿಗೇ ಬಂದಿತು. ಬೆಳಗಿನ ಆರು ಗಂಟೆಗೆ, ಸುರಿಯುವ ಮಳೆಯಲ್ಲಿ, ತರಂಗ ಅಳೆಯುವ ಯಂತ್ರ ಹಿಡಿದು ಊರಿನ ಬೀದಿಗಳಲ್ಲಿ ಓಡಾಡಿತು. ಸರಿಯಾಗಿ ಏಳು ಗಂಟೆಗೆ ಯಂತ್ರ ಒಂದು ದೊಡ್ಡ ಗಲಾಟೆಯನ್ನು ಹಿಡಿಯಿತು. ಅದರ ಜಾಡು ಹಿಡಿದು ಹೋದರೆ ಸಿಕ್ಕಿದ್ದೇನು? ಒಂದು ಮನೆಯ ಹಳೆಯ ಸೆಕೆಂಡ್‌ಹ್ಯಾಂಡ್ ಟಿ.ವಿ.! ಮನೆಯವರು ದಿನವೂ ಏಳಕ್ಕೆ ಅದನ್ನು ಹಾಕುತ್ತಿದ್ದರು, ಹಾಕಿದ ಕ್ಷಣಕ್ಕೆ ಊರಿನ ಸಂಪರ್ಕವೆಲ್ಲ ಕೆಡುತ್ತಿತ್ತು. ವಿಷಯ ತಿಳಿದು ಅವರು ಬಹಳ ನಾಚಿಕೊಂಡರು, ಆ ಟಿ.ವಿ.ಯನ್ನು ಮತ್ತೆ ಹಾಕುವುದಿಲ್ಲ ಎಂದು ಒಪ್ಪಿದರು. ಕಾಯಿಲೆ ಅಂದೇ ವಾಸಿಯಾಯಿತು. 2020ರ ಸೆಪ್ಟೆಂಬರಿನಲ್ಲಿ ಈ ಸುದ್ದಿ ಲೋಕವೆಲ್ಲ ಹರಡಿತು. ಆ ಮನೆಯವರ ಹೆಸರನ್ನು ಮಾತ್ರ ಕಂಪನಿ ಹೊರಗೆಡಹಲಿಲ್ಲ.

ಇದನ್ನು ಓದಿ ನಕ್ಕವರೇ ಹೆಚ್ಚು. ನಾವು ಇದರಲ್ಲಿ ಕಲಿಯಬೇಕಾದ್ದು ಬೇರೆ ಇದೆ. ಮೊದಲು ಮಾಡಿದ ಪರೀಕ್ಷೆಯಲ್ಲಿ ಕಾಣದ ದೋಷ, ಆ ಹೊತ್ತಿಗೆ ಆ ಜಾಗದಲ್ಲಿ ನಿಂತ ಮನುಷ್ಯರಿಗೆ ಒಂದೇ ಬೆಳಿಗ್ಗೆ ಸಿಕ್ಕಿತು. ಹದಿನೆಂಟು ತಿಂಗಳು ವ್ಯರ್ಥವಾದದ್ದು ಗಲಾಟೆ ನಡೆಯುವ ಹೊತ್ತಿಗೆ ಅಳೆಯುವವರು ಅಲ್ಲಿ ಇರದಿದ್ದರಿಂದ.

ತಾಮ್ರದ ತಂತಿಯೊಳಗೆ ನಡೆಯುವುದೇನು?

ಮಾತನಾಡುವ ಫೋನಿಗೆ ತಾಮ್ರದ ತಂತಿಯಲ್ಲಿ ಸುಮಾರು 4 ಕಿಲೋಹರ್ಟ್ಸ್‌ವರೆಗಿನ ಜಾಗ ಸಾಕು. ಬ್ರಾಡ್‌ಬ್ಯಾಂಡ್ ಅದೇ ತಂತಿಯಲ್ಲಿ ಅದಕ್ಕಿಂತ ಮೇಲಿನ ಜಾಗವನ್ನು, ಅಂದರೆ ಸುಮಾರು 25ರಿಂದ 1,100 ಕಿಲೋಹರ್ಟ್ಸ್‌ವರೆಗೆ, ಹೊಸ ಬಗೆಯಲ್ಲಾದರೆ 2,200ರವರೆಗೆ, ಬಳಸುತ್ತದೆ. ಈಗ ಹಿರಿಯರು ಒಂದು ಸಂಗತಿಯನ್ನು ನೆನಪಿಗೆ ತಂದುಕೊಳ್ಳಲಿ. ನಾವು ಟ್ರಾನ್ಸಿಸ್ಟರಿನಲ್ಲಿ ಬೆಂಗಳೂರು ಆಕಾಶವಾಣಿಯನ್ನು ಕೇಳುತ್ತಿದ್ದದ್ದು 612 ಕಿಲೋಹರ್ಟ್ಸ್‌ನಲ್ಲಿ. ಬ್ರಾಡ್‌ಬ್ಯಾಂಡ್ ಓಡುವುದೂ ಆ ಮೀಡಿಯಂ ವೇವ್ ಜಾಗದಲ್ಲೇ. ಪಕ್ಕದಲ್ಲಿ ಮೋಟಾರು ಹಾಕಿದಾಗ, ಟ್ಯೂಬ್‌ಲೈಟು ಮಿಣುಕಿದಾಗ, ಗುಡುಗು ಸಿಡಿಲು ಬಂದಾಗ ರೇಡಿಯೋ ‘ಗರ್ರ್’ ಎನ್ನುತ್ತಿದ್ದದ್ದು ಯಾರಿಗೆ ಮರೆತಿದೆ? ಆ ‘ಗರ್ರ್’ ಇಂದು ಮೋಡೆಮಿನ ಕಿವಿಗೆ ಬೀಳುತ್ತದೆ. ನಮಗೆ ಕೇಳಿಸುವುದಿಲ್ಲ, ದೀಪ ಮಿಣುಕುವುದಷ್ಟೇ ಕಾಣುತ್ತದೆ. ಮೋಡೆಮ್ ಲೆಕ್ಕ ತಪ್ಪಿ ಸಂಪರ್ಕ ಬಿಡುತ್ತದೆ, ಮತ್ತೆ ಮೊದಲಿನಿಂದ ಹಿಡಿಯಲು ಹೊತ್ತು ತೆಗೆದುಕೊಳ್ಳುತ್ತದೆ.

ಈ ಗಲಾಟೆಯಲ್ಲಿ ಎರಡು ಜಾತಿ. ಅಬರ್‌ಹೋಸನ್ನಿನ ಟಿ.ವಿ.ಯಂತೆ ಹಾಕಿದಾಗ, ತೆಗೆದಾಗ ಒಂದೇ ಏಟಿಗೆ ಬರುವುದು ಒಂದು. ಪರಿಣತರು ಅದನ್ನು ‘ಶೈನ್’ ಎನ್ನುತ್ತಾರೆ. ಅಗ್ಗದ ಚಾರ್ಜರು, ಎಲ್‌ಇಡಿ ಬಲ್ಬಿನ ಒಳಯಂತ್ರ, ಸೆಟ್‌ಟಾಪ್ ಪೆಟ್ಟಿಗೆಯ ಅಡಾಪ್ಟರು ಇವುಗಳಿಂದ ಬಿಡದೆ ಬರುವುದು ಇನ್ನೊಂದು. ಅದಕ್ಕೆ ‘ರೈನ್’ ಎಂದು ಹೆಸರು. ನಮ್ಮ ಕರೆಂಟು ಸೆಕೆಂಡಿಗೆ 50 ಸಲ ಹೊರಳುವುದರಿಂದ ಇಂಥ ಗಲಾಟೆ ಸಾಮಾನ್ಯವಾಗಿ ಸೆಕೆಂಡಿಗೆ 100 ಸಲ ಬಡಿಯುತ್ತದೆ.

ಆದರೆ ಗಲಾಟೆ ಇದ್ದ ಮಾತ್ರಕ್ಕೆ ತಂತಿ ಕೆಡಬೇಕಾಗಿಲ್ಲ. ಎರಡು ತಂತಿಗಳನ್ನು ಒಂದರ ಸುತ್ತ ಒಂದು ಹೆಣೆದರೆ ಹೊರಗಿನ ಗಲಾಟೆ ಎರಡಕ್ಕೂ ಸಮನಾಗಿ ತಾಗಿ ಕಳೆದುಹೋಗುತ್ತದೆ ಎಂಬ ಉಪಾಯಕ್ಕೆ ಅಲೆಕ್ಸಾಂಡರ್ ಗ್ರಹಾಂ ಬೆಲ್ 1881ರಲ್ಲೇ ಪೇಟೆಂಟ್ ಪಡೆದಿದ್ದ. ಹೆಣಿಗೆ ಬಿಚ್ಚಿದ ಕಡೆ, ಜಾಯಿಂಟು ಕಿಲುಬು ಹಿಡಿದ ಕಡೆ, ಪೆಟ್ಟಿಗೆಗೆ ಮಳೆನೀರು ಇಳಿದ ಕಡೆ ಈ ಸಮತೂಕ ತಪ್ಪುತ್ತದೆ, ಅಲ್ಲಿಂದಲೇ ಗಲಾಟೆ ಒಳಗೆ ನುಗ್ಗುತ್ತದೆ. ಗಲಾಟೆ ಮಾಡುವ ಯಂತ್ರ ಒಂದು ಕಡೆ ಇದ್ದರೆ, ಅದಕ್ಕೆ ಬಾಗಿಲು ತೆರೆದುಕೊಟ್ಟ ಹಾಳು ತಂತಿ ಇನ್ನೊಂದು ಕಡೆ ಇರುತ್ತದೆ. ಆ ತಂತಿ ಗ್ರಾಹಕನದಲ್ಲ, ಬಾಡಿಗೆ ವಸೂಲು ಮಾಡುವವರದು. ಮೋಡೆಮ್ ಬದಲಿಸಿ ಎನ್ನುವವರು ಇದನ್ನು ಏಕೆ ಹೇಳುವುದಿಲ್ಲ?

ನಮ್ಮ ಬೆಟ್ಟದ ಸಂಗತಿ

ವೇಲ್ಸಿನಲ್ಲಿ ಟಿ.ವಿ. ಸಿಕ್ಕಿತು. ನಮ್ಮಲ್ಲಿ ಮೊದಲು ನೋಡಬೇಕಾದದ್ದು ಸೋಲಾರ್ ಬೇಲಿ ಮತ್ತು ಬೋರ್‌ವೆಲ್ ಮೋಟಾರು. ತಾಳವಾಡಿ ಸುತ್ತಿನ ಹೊಲಗಳು ಸತ್ಯಮಂಗಲ ಹುಲಿ ಸಂರಕ್ಷಿತ ಕಾಡಿಗೆ ಅಂಟಿಕೊಂಡಿವೆ. ಕಬ್ಬು, ಬಾಳೆ, ಜೋಳ, ರಾಗಿ ಹಾಕಿದವನಿಗೆ ಆನೆಯ ಕಾಟ, ಹಂದಿಯ ಕಾಟ. ಬೇಲಿ ಇಲ್ಲದೆ ಬೆಳೆ ಮನೆಗೆ ಬರುವುದಿಲ್ಲ. ಬೇಲಿಯ ಮಿಷನ್ನು ಸೆಕೆಂಡಿಗೆ ಒಂದರಂತೆ ಸಾವಿರಾರು ವೋಲ್ಟಿನ ಏಟನ್ನು ತಂತಿಗೆ ಕೊಡುತ್ತದೆ. ಏಟು ಕ್ಷಣಮಾತ್ರದ್ದು, ಆದ್ದರಿಂದ ಪ್ರಾಣಿ ಬೆದರುತ್ತದೆ, ಸಾಯುವುದಿಲ್ಲ.

ಬೇಲಿ ಒಪ್ಪವಾಗಿದ್ದರೆ ಅದರ ಗಲಾಟೆ ಕಡಿಮೆ. ತಂತಿಗೆ ಲಂಟಾನ ತಾಗಿದರೆ, ಇನ್ಸುಲೇಟರ್ ಬಿರುಕು ಬಿಟ್ಟರೆ, ತುಂಡಾದ ತಂತಿಯನ್ನು ಸಡಿಲವಾಗಿ ಗಂಟು ಹಾಕಿದರೆ ಪ್ರತಿ ಏಟಿಗೂ ಅಲ್ಲಿ ಕಿಡಿ ಹಾರುತ್ತದೆ. ಆಗ ಹರದಾರಿ ಉದ್ದದ ಬೇಲಿಯೇ ಒಂದು ರೇಡಿಯೋ ಕಂಬವಾಗುತ್ತದೆ. ಫೋನ್ ತಂತಿ ಬೇಲಿಯ ಪಕ್ಕದಲ್ಲೇ ಬಹುದೂರ ಹಾದುಹೋಗಿದ್ದರೆ ಕೇಳುವುದೇ ಬೇಡ. ಸಂಜೆ ಬೇಲಿ ಹಾಕುತ್ತಾರೆ, ಬೆಳಿಗ್ಗೆ ತೆಗೆಯುತ್ತಾರೆ. ರಾತ್ರಿ ಮಾತ್ರ ಬರುವ ಕಾಯಿಲೆಗೆ ಇಲ್ಲಿಯೇ ಕಾರಣ ಇರಬಹುದಲ್ಲವೆ?

ಬೇಲಿ ಮಿಷನ್ನಿನ ಸುರಕ್ಷತೆಗಾಗಿ ಇರುವ ಅಂತರರಾಷ್ಟ್ರೀಯ ಮಾನಕದಲ್ಲಿ ಒಂದು ಮಾತು ಸ್ಪಷ್ಟವಾಗಿದೆ. ಬೇಲಿಯ ಅರ್ತಿಂಗ್ ಸಲಾಕೆಗೂ ಮನೆಯ ಕರೆಂಟಿನ ಅಥವಾ ಫೋನಿನ ಅರ್ತಿಂಗಿಗೂ ಕನಿಷ್ಠ 10 ಮೀಟರ್ ಅಂತರ ಇರಬೇಕು. ನಮ್ಮ ರೈತರಲ್ಲಿ ಎಷ್ಟು ಜನರಿಗೆ ಮಿಷನ್ನು ಮಾರಿದವನು ಇದನ್ನು ಹೇಳಿದ್ದಾನೆ? ಮನೆಯ ಗೋಡೆಯ ಪಕ್ಕದಲ್ಲೇ ಸಲಾಕೆ ನೆಟ್ಟು ಹಣ ಎಣಿಸಿಕೊಂಡು ಹೋದವನನ್ನು ಕೇಳುವವರು ಯಾರು? 2023ರ ಮಾರ್ಚಿನಲ್ಲಿ ಧರ್ಮಪುರಿ ಜಿಲ್ಲೆಯ ಮಾರಂಡಹಳ್ಳಿ ಬಳಿ ಅಕ್ರಮ ಕರೆಂಟು ಬೇಲಿಗೆ ಮೂರು ಆನೆಗಳು ಸತ್ತವು. ಅದೇ ವರ್ಷ ತಮಿಳುನಾಡು ಸರ್ಕಾರ ವಿದ್ಯುತ್ ಬೇಲಿಗಳ ನೋಂದಣಿಗೆ ನಿಯಮ ತಂದಿತು. ಒಳ್ಳೆಯದೇ. ನೋಂದಣಿಗಾಗಿ ಬೇಲಿ ನೋಡಲು ಬರುವ ಅಧಿಕಾರಿ ಅರ್ತಿಂಗಿನ ಅಂತರವನ್ನೂ ಅಳೆದು, ಜಾಯಿಂಟುಗಳನ್ನೂ ನೋಡಿ ಹೋದರೆ ಕಾಡಿಗೂ ಒಳ್ಳೆಯದು, ಊರಿಗೂ ಒಳ್ಳೆಯದು.

ಇನ್ನೊಂದು ಮಾತು. ಕಾರಣ ಬೇಲಿ ಇರಬಹುದು ಎಂದೊಡನೆ ಬೇಲಿಯವನ ಮೇಲೆ ಜಗಳಕ್ಕೆ ಹೋಗುವವರಿದ್ದಾರೆ. ಇದು ತಪ್ಪು. ಅವನೂ ನಮ್ಮಂತೆ ದುಡಿಯುವವನೇ. ಅವನು ಗಲಾಟೆಯನ್ನು ಕೊಂಡುಕೊಳ್ಳಲಿಲ್ಲ, ಬೇಲಿಯನ್ನು ಕೊಂಡುಕೊಂಡ. ನೂರು ರೂಪಾಯಿಯ ಚಾರ್ಜರ್ ಕೊಂಡ ಅಕ್ಕನೂ ಹಾಗೆಯೇ. ಗಲಾಟೆಯನ್ನು ತಡೆಯುವ ಸಣ್ಣ ಬಿಡಿಭಾಗಗಳನ್ನು ಕೆಲವು ರೂಪಾಯಿ ಉಳಿಸಲು ಬಿಟ್ಟುಬಿಟ್ಟವನು ತಯಾರಕ. ಯಂತ್ರಗಳು ಎಷ್ಟು ಗಲಾಟೆ ಹೊರಡಿಸಬಹುದು ಎಂದು ಗೊತ್ತುಮಾಡುವ ಸಿಸ್ಪರ್ ಎಂಬ ಅಂತರರಾಷ್ಟ್ರೀಯ ಸಮಿತಿಯ ಮೊದಲ ಸಭೆ ಪ್ಯಾರಿಸಿನಲ್ಲಿ ನಡೆದದ್ದು 1934ರಲ್ಲಿ. ತೊಂಬತ್ತು ವರ್ಷಕ್ಕೂ ಹಿಂದೆಯೇ ಲೋಕಕ್ಕೆ ಗೊತ್ತಿದ್ದ ದೋಷವನ್ನು ಇಂದಿಗೂ ಬಡವನಿಗೆ ಅಗ್ಗದ ಬೆಲೆಯಲ್ಲಿ ಮಾರುತ್ತಿದ್ದಾರೆ!

ಹುಡುಕುವ ಬಗೆ

ಯಾರೋ ಬಂದು ಮಾಡಲಿ ಎಂದು ಕೈಕಟ್ಟಿ ಕೂರಬೇಡಿ. ನಮ್ಮ ಕೈಯಲ್ಲಾಗುವ ಕೆಲಸ ಸಾಕಷ್ಟಿದೆ. ಸಂಘದ ಯುವಕರು ಇದನ್ನು ಸುಲಭವಾಗಿ ಕಲಿಯಬಹುದು.

ಮೊದಲನೆಯದು, ಬರೆದಿಡಿ. ಒಂದು ನೋಟ್‌ಪುಸ್ತಕದಲ್ಲಿ ಒಂದು ವಾರ ದಿನಾಂಕ, ಸಂಪರ್ಕ ಕಡಿದ ಹೊತ್ತು, ಬಂದ ಹೊತ್ತು, ಆಗ ಮಳೆ ಇತ್ತೇ, ಕರೆಂಟು ಇತ್ತೇ, ಯಾರ ಮೋಟಾರು ಓಡುತ್ತಿತ್ತು ಎಂದು ಬರೆಯಿರಿ. ಅಬರ್‌ಹೋಸನ್ನಿನ ಗಂಟು ಬಿಚ್ಚಿದ್ದು ‘ಏಳು ಗಂಟೆ’ ಎಂಬ ಒಂದು ಸುಳಿವಿನಿಂದ.

ಎರಡನೆಯದು, ಅಟ್ಟದ ಮೇಲಿನ ಹಳೆಯ ಟ್ರಾನ್ಸಿಸ್ಟರನ್ನು ಇಳಿಸಿ ಹೊಸ ಸೆಲ್ ಹಾಕಿ. ಮೀಡಿಯಂ ವೇವಿನಲ್ಲಿ ಯಾವ ಕೇಂದ್ರವೂ ಬಾರದ ಜಾಗಕ್ಕೆ, ಆದಷ್ಟು ಕೆಳತುದಿಗೆ, ಮುಳ್ಳನ್ನು ತಿರುಗಿಸಿ. ಎಫ್.ಎಂ. ಮಾತ್ರ ಇರುವ ರೇಡಿಯೋ ಇದಕ್ಕೆ ಬಾರದು. ಕಾಯಿಲೆ ಬರುವ ಹೊತ್ತಿಗೆ ‘ಟಿಕ್ ಟಿಕ್’ ಎಂದು ಸೆಕೆಂಡಿಗೊಮ್ಮೆ ಬಡಿದರೆ ಬೇಲಿಯನ್ನು ಶಂಕಿಸಿ. ಬಿಡದೆ ‘ಗುಂಯ್’ ಎಂದರೆ ಅಡಾಪ್ಟರು, ಬಲ್ಬು. ಒಂದೇ ಸಲ ‘ಚಟ್’ ಎಂದರೆ ಮೋಟಾರಿನ ಸ್ಟಾರ್ಟರು.

ಮೂರನೆಯದು, ಶೋಧನೆ ನಮ್ಮ ಮನೆಯಿಂದಲೇ ಶುರುವಾಗಲಿ. ಗಲಾಟೆ ಕೇಳುತ್ತಿರುವಾಗ ಮೇನ್ ಸ್ವಿಚ್ಚು ತೆಗೆಯಿರಿ, ಯುಪಿಎಸ್ ಇದ್ದರೆ ಅದನ್ನೂ ಆರಿಸಿ. ಗಲಾಟೆ ನಿಂತರೆ ಕಳ್ಳ ನಮ್ಮ ಮನೆಯಲ್ಲೇ ಇದ್ದಾನೆ. ಆಗ ಸ್ವಿಚ್ಚು ಹಾಕಿ, ಒಂದೊಂದೇ ಸಾಮಾನನ್ನು ಚಾಲೂ ಮಾಡುತ್ತಾ ಹೋಗಿ. ಯಾವುದಕ್ಕೆ ರೇಡಿಯೋ ಕಿರುಚಿತೋ ಅದೇ. ಮೋಡೆಮಿನ ಅಡಾಪ್ಟರನ್ನೂ ಬಿಡಬೇಡಿ, ಎಷ್ಟೋ ಸಲ ಅದೇ ಕಳ್ಳ.

ನಾಲ್ಕನೆಯದು, ಗಲಾಟೆ ನಿಲ್ಲದಿದ್ದರೆ ರೇಡಿಯೋ ಹಿಡಿದು ಹೊರಗೆ ಬನ್ನಿ. ಅದರೊಳಗೆ ಉದ್ದನೆಯ ಕಪ್ಪು ಕಡ್ಡಿಯೊಂದಿದೆ, ಅದೇ ಅದರ ಏರಿಯಲ್. ರೇಡಿಯೋವನ್ನು ನಿಧಾನವಾಗಿ ಸುತ್ತ ತಿರುಗಿಸಿದರೆ ಒಂದು ದಿಕ್ಕಿನಲ್ಲಿ ಗಲಾಟೆ ತೀರ ಕುಗ್ಗುತ್ತದೆ. ಆಗ ಆ ಕಡ್ಡಿಯ ತುದಿ ಗಲಾಟೆಯ ಮೂಲದ ಕಡೆ ನೇರವಾಗಿರುತ್ತದೆ. ತುದಿಗಳು ಎರಡಾದ್ದರಿಂದ ಮೂಲ ಮುಂದೆಯೂ ಇರಬಹುದು, ಹಿಂದೆಯೂ ಇರಬಹುದು. ಎರಡು ಮೂರು ಜಾಗದಲ್ಲಿ ನಿಂತು ನೋಡಿ ನೆಲದ ಮೇಲೆ ಗೆರೆ ಹಾಕಿದರೆ ಗೆರೆಗಳು ಕೂಡುವ ಕಡೆ ಗೊತ್ತಾಗುತ್ತದೆ. ಉದ್ದನೆಯ ತಂತಿಗಳು ಗಲಾಟೆಯನ್ನು ತಾವೇ ಹೊತ್ತು ತರುವುದರಿಂದ ಅವಸರದಲ್ಲಿ ತೀರ್ಪು ಕೊಡಬೇಡಿ.

ಐದನೆಯದು, ನೆರೆಯವರ ಬಳಿ ಹೋಗಿ ಮರ್ಯಾದೆಯಿಂದ ಕೇಳಿ. “ಅಣ್ಣ, ಒಂದೈದು ನಿಮಿಷ ನಿಮ್ಮ ಬೇಲಿ ಮಿಷನ್ನು ಹಾಕಿ ತೆಗೆದು ನೋಡೋಣವಾ?” ಇದನ್ನು ಹಗಲು ಹೊತ್ತಿನಲ್ಲಿ ಮಾಡಿ. ಆನೆ ಇಳಿಯುವ ಹೊತ್ತಿಗೆ ಯಾರ ಬೇಲಿಯನ್ನೂ ಆರಿಸಲು ಹೇಳಬೇಡಿ. ಕಾರಣ ಸಿಕ್ಕರೆ ಎಲ್ಲರೂ ಸೇರಿ ಲಂಟಾನ ಕಡಿದು ಕೊಡಿ, ಜಾಯಿಂಟು ಬಿಗಿಮಾಡಿಸಿ, ಅರ್ತಿಂಗ್ ಸಲಾಕೆಯನ್ನು ದೂರಕ್ಕೆ ಹಾಕಿಸಿ.

ಮಿತಿಯನ್ನೂ ಹೇಳಿಬಿಡುತ್ತೇವೆ. ಕಂಬ ಹತ್ತಬೇಡಿ, ಟ್ರಾನ್ಸ್‌ಫಾರ್ಮರಿನ ಹತ್ತಿರ ಹೋಗಬೇಡಿ, ಹಾಕಿರುವ ಬೇಲಿಯನ್ನು ಮುಟ್ಟಬೇಡಿ, ಟಿ.ವಿ. ಬಿಚ್ಚಬೇಡಿ. ಕಂಬದ ಇನ್ಸುಲೇಟರಿನಲ್ಲಿ ಕಿಡಿ ಕಂಡರೆ ವಿದ್ಯುತ್ ಕಚೇರಿಗೆ ಬರೆದುಕೊಡಿ. ಫೋನ್ ತಂತಿಯ ಜಾಯಿಂಟು ಹಾಳಾಗಿದ್ದರೆ ಅದು ಕಂಪನಿಯ ಕೆಲಸ. ಇಂಟರ್‌ನೆಟ್ಟಿಗಾಗಿ ಯಾರ ಜೀವವೂ ಹೋಗಬಾರದು.

ಲೈನ್‌ಮನ್ ಎಲ್ಲಿ ಹೋದ?

ಇಷ್ಟೆಲ್ಲ ಹೇಳಿಕೊಟ್ಟ ಮೇಲೆ, ಹಾಗಾದರೆ ಗ್ರಾಹಕರೇ ಮಾಡಿಕೊಳ್ಳಲಿ ಎಂದು ಯಾರಾದರೂ ಅಂದಾರು. ಅದನ್ನು ನಾವು ಒಪ್ಪುವುದಿಲ್ಲ. ನಾವು ಕಳ್ಳನನ್ನು ತೋರಿಸಿಕೊಡಬಹುದು, ತಂತಿಯ ಜಾಯಿಂಟು ಬಿಚ್ಚಿ ಕಟ್ಟುವ ಅಧಿಕಾರವೂ ಉಪಕರಣವೂ ನಮ್ಮಲ್ಲಿಲ್ಲ. ಅದಕ್ಕೆ ಕಲಿತ ಕೆಲಸಗಾರ ಬೇಕು.

2019ರ ಅಕ್ಟೋಬರಿನಲ್ಲಿ ಕೇಂದ್ರ ಸಂಪುಟ ಒಪ್ಪಿದ ಯೋಜನೆಯಂತೆ ಬಿ.ಎಸ್.ಎನ್.ಎಲ್. ಸಂಸ್ಥೆಯಲ್ಲಿ 50 ವರ್ಷ ದಾಟಿದವರಿಗೆ ಸ್ವಯಂ ನಿವೃತ್ತಿ ತೆರೆಯಲಾಯಿತು. 2020ರ ಜನವರಿ 31ರಂದು ಒಂದೇ ದಿನ 78 ಸಾವಿರಕ್ಕೂ ಹೆಚ್ಚು ಮಂದಿ ಹೊರಬಂದರು. ಇದು ಒಟ್ಟು ನೌಕರರಲ್ಲಿ ಸುಮಾರು ಅರ್ಧ. ಹೊರಗೆ ಹೋದವರೆಲ್ಲ ಬಹುಕಾಲ ದುಡಿದವರು. ಯಾವ ಕಂಬದಲ್ಲಿ ಯಾವ ಜೋಡಿ, ಯಾವ ಪೆಟ್ಟಿಗೆಗೆ ನೀರು ಇಳಿಯುತ್ತದೆ, ಯಾರ ತೋಟದ ಮೂಲಕ ಕೇಬಲ್ ಹೋಗಿದೆ ಎಂಬುದು ಅಂಥವರ ತಲೆಯಲ್ಲಿರುತ್ತದೆ. ಅದನ್ನು ಕಿರಿಯರಿಗೆ ಹೇಳಿಕೊಡಲು ಎಷ್ಟು ದಿನ ಕೊಟ್ಟರು? ಸಂಬಳದ ಲೆಕ್ಕದಲ್ಲಿ ಉಳಿತಾಯ ಕಂಡಿರಬಹುದು. ಆ ಜ್ಞಾನದ ನಷ್ಟವನ್ನು ಯಾವ ಲೆಕ್ಕದಲ್ಲಿ ಬರೆದಿದ್ದಾರೆ?

ಈ ದಂಧೆಯಲ್ಲಿ ಸರ್ಕಾರಿ, ಖಾಸಗಿ ಎಂಬ ಭೇದವಿಲ್ಲದೆ ಈಗ ಗುತ್ತಿಗೆಯ ಕೆಲಸವೇ ಹೆಚ್ಚು. ಎಷ್ಟು ದೂರು ಮುಗಿಸಿದ ಎಂದು ಎಣಿಸಿ ಕೂಲಿ ಕೊಟ್ಟರೆ, ಆ ಹುಡುಗ ಒಂದು ಮನೆಯ ಮುಂದೆ ಕತ್ತಲಾಗುವವರೆಗೆ ಕಾದು ನಿಲ್ಲುತ್ತಾನೆಯೆ? ನಿಂತರೆ ಅವನ ಒಲೆ ಉರಿಯುವುದು ಹೇಗೆ? ದಿಂಬಂ ಘಟ್ಟದ 27 ತಿರುವು ಹತ್ತಿ ಬಂದವನು, ದೀಪ ಉರಿಯುತ್ತಿದೆ ಎಂದು ನೋಡಿ, ಸಹಿ ಹಾಕಿಸಿಕೊಂಡು ಇಳಿದುಹೋಗುತ್ತಾನೆ. ಅವನನ್ನು ಬೈಯುವವರು ತಾಳ್ಮೆಯಿಂದ ಯೋಚಿಸಲಿ. ಅವನ ಕೈಯಿಂದ ಸಮಯವನ್ನು ಕಿತ್ತುಕೊಂಡವರು ಬೇರೆ ಇದ್ದಾರೆ.

ಫೈಬರ್ ಬಂದರೆ ಎಲ್ಲ ಸರಿಯೆ?

ಫೈಬರ್ ಬರುತ್ತಿದೆ, ಇನ್ನೇಕೆ ಈ ಮಾತು ಎನ್ನುವವರಿಗೂ ಉತ್ತರ ಕೊಡಬೇಕು. ಗಾಜಿನ ಎಳೆಯಲ್ಲಿ ಬೆಳಕು ಹೋಗುವುದರಿಂದ ಬೇಲಿಯ ಏಟಾಗಲಿ ಮೋಟಾರಿನ ಕಿಡಿಯಾಗಲಿ ಅದಕ್ಕೆ ತಾಗುವುದಿಲ್ಲ. ಇದು ನಿಜ, ನಾವು ಅದನ್ನು ಸ್ವಾಗತಿಸುತ್ತೇವೆ. ಆದರೆ ಎಳೆ ಮನೆಗೆ ಬಂದ ಮೇಲೆ ಇರುವ ಪೆಟ್ಟಿಗೆ ಕರೆಂಟಿನದೇ, ಅದರ ಅಡಾಪ್ಟರು ಕೆಟ್ಟರೆ ಅದೂ ಕೆಡುತ್ತದೆ. ಮನೆಯೊಳಗಿನ ವೈಫೈ ಗಾಳಿಯಲ್ಲೇ ಓಡಬೇಕು, ಮೈಕ್ರೋವೇವ್ ಒಲೆಯಂಥದ್ದು ಅದನ್ನೂ ಕೆಡಿಸುತ್ತದೆ. ಮರ ಬಿದ್ದು ಎಳೆ ತುಂಡಾದರೆ ಗಾಜನ್ನು ಬೆಸೆಯಲು ತಾಮ್ರಕ್ಕಿಂತಲೂ ಹೆಚ್ಚು ಕಲಿತ ಕೆಲಸಗಾರ ಬೇಕು. ತಂತಿ ಬದಲಾದರೂ ಬಂದು ನೋಡುವ ಮನುಷ್ಯನ ಅಗತ್ಯ ತಪ್ಪುವುದಿಲ್ಲ. ಇನ್ನು ಫೈಬರ್ ಬಾರದ ಕೊನೆಯ ಊರುಗಳನ್ನು, ಹೇಗೂ ಕಿತ್ತುಹಾಕುವ ತಂತಿ ಎಂದು ಹಾಳುಬಿಡುವುದು ಯಾವ ನ್ಯಾಯ? ಅವರಿಂದಲೂ ತಿಂಗಳ ಬಾಡಿಗೆ ಪಡೆಯುತ್ತಿದ್ದಾರಲ್ಲ!

ನಾವು ಕೇಳುವುದೇನು?

ನಾವು ದಾನ ಕೇಳುತ್ತಿಲ್ಲ, ಕೊಟ್ಟ ಹಣಕ್ಕೆ ಕೆಲಸ ಕೇಳುತ್ತಿದ್ದೇವೆ. ಹೊತ್ತು ಹಿಡಿದು ಬರುವ ದೋಷವನ್ನು ಆ ಹೊತ್ತಿನಲ್ಲೇ ಬಂದು ಪರೀಕ್ಷಿಸಬೇಕು. ಗ್ರಾಹಕನು ಒಪ್ಪದೆ ದೂರನ್ನು ಮುಚ್ಚಬಾರದು. ತಂತಿಯನ್ನು ಪರೀಕ್ಷಿಸದೆ ಮೋಡೆಮ್ ಕೊಳ್ಳಲು ಹೇಳಬಾರದು. ಗುತ್ತಿಗೆ ಕೆಲಸಗಾರನಿಗೆ ದೂರಿನ ಲೆಕ್ಕದಲ್ಲಲ್ಲ, ದಿನದ ಲೆಕ್ಕದಲ್ಲಿ ನ್ಯಾಯವಾದ ಕೂಲಿಯೂ ತರಬೇತಿಯೂ ಸಿಗಬೇಕು. ಬೆಟ್ಟದ ಮೇಲೆಯೇ ವಾಸವಿರುವ, ನಮ್ಮ ಕನ್ನಡವನ್ನೂ ತಮಿಳನ್ನೂ ಬಲ್ಲ ಕೆಲಸಗಾರರು ಬೇಕು. ಮಾನಕವಿಲ್ಲದ ಚಾರ್ಜರು, ಬೇಲಿ ಮಿಷನ್ನುಗಳನ್ನು ಅಂಗಡಿಯಲ್ಲೇ ತಡೆಯಬೇಕು, ಕೊಂಡವನ ಮನೆಯಲ್ಲಲ್ಲ.

ಅಲ್ಲಿಯವರೆಗೆ ಒಂದು ಕೆಲಸ ಮಾಡಿ. ದೂರು ಕೊಟ್ಟಾಗ ಡಾಕೆಟ್ ನಂಬರ್ ಕೇಳಿ ಬರೆದುಕೊಳ್ಳಿ. ಟ್ರಾಯ್ 2012ರಲ್ಲಿ ಮಾಡಿದ ದೂರು ಪರಿಹಾರ ನಿಯಮದಂತೆ ನಂಬರ್ ಕೊಡುವುದು ಅವರ ಕರ್ತವ್ಯ. ದೂರಿಗೆ ಕೊಟ್ಟ ಉತ್ತರ ತೃಪ್ತಿಯಾಗದಿದ್ದರೆ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಬರೆಯುವ ಹಕ್ಕು ನಿಮಗಿದೆ. ನಿಮ್ಮ ನೋಟ್‌ಪುಸ್ತಕದ ವಾರದ ಲೆಕ್ಕವನ್ನೂ ಜೊತೆಗೆ ಲಗತ್ತಿಸಿ. ಒಬ್ಬರು ಬರೆದರೆ ಕಾಗದ ಕಡತಕ್ಕೆ ಹೋಗುತ್ತದೆ. ಒಂದೇ ಕಂಬದಿಂದ ತಂತಿ ಪಡೆದ ಹತ್ತು ಮನೆಯವರು, ಬೇಲಿಯ ಅಣ್ಣನೂ ಸೇರಿ, ಒಂದೇ ಹೊತ್ತಿನ ಲೆಕ್ಕ ಬರೆದು ಹತ್ತು ಸಹಿ ಹಾಕಿ ಕಳುಹಿಸಿದರೆ, ದೋಷ ನಿಮ್ಮ ಮೋಡೆಮಿನದು ಎಂದು ಹತ್ತು ಮನೆಗೂ ಹೇಳುವುದು ಅವರಿಗೆ ಅಷ್ಟು ಸುಲಭವಾಗುವುದಿಲ್ಲ. ಈ ತಿಂಗಳೇ ನೋಟ್‌ಪುಸ್ತಕ ತೆರೆಯಿರಿ.